ಶುರುವಿನ ಕಾಲದ ಬೇಸ್‌ಬಾಲ್ ಆಟಗಾರರು: ಆಟಕ್ಕೆ ಮುಂಚೆ ಏನಾಗಿದ್ರು, ಆಮೇಲೆ ಏನಾದ್ರು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರೋದು ಅಮೆರಿಕದ ಸಿನ್ಸಿನಾಟಿಲಿ. ಊರಿಂದ ಯಾರೇ ಬಂದ್ರೂ ಅವರನ್ನ ಯೂನಿಯನ್ ಟರ್ಮಿನಲ್ ರೈಲ್ವೆ ಸ್ಟೇಷನ್ ಮುಂದಿನ ಕಾರಂಜಿ ಹತ್ರ ಒಂದ್ಸಲ ಕರ್ಕೊಂಡು ಹೋಗ್ತೀನಿ, ಯಾಕಂದ್ರೆ ಬಹಿರಂಗವಾಗಿ ಎಲ್ಲಾ ಆಟಗಾರರಿಗೂ ಸಂಬಳ ಕೊಟ್ಟ ಮೊದಲ ಬೇಸ್‌ಬಾಲ್ ಟೀಮಿನ ಮೈದಾನ ಇದ್ದದ್ದು ಅಲ್ಲೇ. ಬರೋರೆಲ್ಲ ಕ್ರಿಕೆಟ್ ನೋಡ್ಕೊಂಡು ಬೆಳೆದವರು, ಅದಕ್ಕೇ ಕೇಳೋ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಎಷ್ಟು ಸಂಬಳ ಸಿಗ್ತಿತ್ತು, ಆಟ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಏನು ಮಾಡ್ತಿದ್ರು, ಮನೆಯವರು ಒಪ್ತಿದ್ರಾ ಅಂತ. ಪ್ರತಿ ಸಲ ಬಾಯಲ್ಲಿ ಹೇಳೋ ಬದಲು ಎಲ್ಲಾನೂ ಒಂದು ಕಡೆ ಬರೆದಿಡೋಣ ಅನ್ನಿಸ್ತು.

"ಶುರುವಿನ ಕಾಲ" ಅಂದ್ರೆ ಯಾವಾಗಿಂದ ಯಾವಾಗಿನ ತನಕ?

ನಾನು ಇಲ್ಲಿ ಹೇಳ್ತಿರೋದು ಸುಮಾರು 1860ರಿಂದ 1900ರ ತನಕದ ಕಥೆ. 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಅನ್ನೋ ಟೀಮು ಎಲ್ಲರ ಎದುರಿಗೇ "ನಮ್ಮ ಹುಡುಗರಿಗೆ ಸಂಬಳ ಕೊಡ್ತೀವಿ" ಅಂತ ಹೇಳ್ತು. 1871ರಲ್ಲಿ ಮೊದಲ ಪ್ರೊಫೆಷನಲ್ ಲೀಗ್ ಆದ ನ್ಯಾಷನಲ್ ಅಸೋಸಿಯೇಷನ್ ಶುರುವಾಯ್ತು, ಅದಕ್ಕೆ ಸೇರೋಕೆ ಒಂದು ಕ್ಲಬ್ಬು ಕಟ್ಟಬೇಕಿದ್ದ ಫೀಸು ಬರೀ 10 ಡಾಲರ್. 1876ರಲ್ಲಿ ನ್ಯಾಷನಲ್ ಲೀಗ್ ಬಂತು, ಅದು ಇವತ್ತಿಗೂ ಇದೆ.

1869ಕ್ಕೆ ಮುಂಚೆ ಯಾರೂ ದುಡ್ಡು ತಗೊಳ್ತಿರಲಿಲ್ವಾ?

ತಗೊಳ್ತಿದ್ರು, ಆದ್ರೆ ಮುಚ್ಚಿಟ್ಕೊಂಡು. ನಿಯಮದ ಪ್ರಕಾರ ಆಡೋರೆಲ್ಲ ಹವ್ಯಾಸಿಗಳೇ ಆಗಿರಬೇಕಿತ್ತು. 1860ರಲ್ಲಿ ಬ್ರೂಕ್ಲಿನ್‌ನ ಎಕ್ಸೆಲ್ಸಿಯರ್ ಕ್ಲಬ್ಬಿಗೆ ಬಂದ ಜಿಮ್ ಕ್ರೈಟನ್ ಅನ್ನೋ ಪಿಚರ್‌ಗೆ (ನಮ್ಮ ಬೌಲರ್ ಇದ್ದ ಹಾಗೆ) ಒಳಗೊಳಗೇ ದುಡ್ಡು ಹೋಗ್ತಿತ್ತು ಅಂತ ಇತಿಹಾಸಕಾರರು ಹೆಚ್ಚಾಗಿ ಒಪ್ತಾರೆ. ಪಾಪ, 1862ರಲ್ಲಿ 21ನೇ ವಯಸ್ಸಿಗೇ ತೀರಿಕೊಂಡ. ಲಿಪ್ ಪೈಕ್ ಅನ್ನೋ ಬ್ರೂಕ್ಲಿನ್‌ನ ಯಹೂದಿ ಹುಡುಗನಿಗೆ 1866ರಲ್ಲಿ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಕ್ಲಬ್ಬು ವಾರಕ್ಕೆ 20 ಡಾಲರ್ ಕೊಡ್ತಿದೆ ಅಂತ ದೊಡ್ಡ ಗಲಾಟೆನೇ ಆಯ್ತು.

ಇನ್ನೊಂದು ದಾರಿ ನಮಗೆ ತುಂಬಾ ಪರಿಚಯ ಇರೋದು. ನಮ್ಮಲ್ಲಿ ಚೆನ್ನಾಗಿ ಕ್ರಿಕೆಟ್ ಆಡೋ ಹುಡುಗನಿಗೆ ಬ್ಯಾಂಕಲ್ಲೋ ರೈಲ್ವೆಯಲ್ಲೋ ಒಂದು ಕೆಲಸ ಸಿಗ್ತಿತ್ತಲ್ಲ, ಹಾಗೇನೇ ವಾಷಿಂಗ್ಟನ್‌ನ ನ್ಯಾಷನಲ್ಸ್ ಕ್ಲಬ್ಬಿನ ಹುಡುಗರು ಸರ್ಕಾರದ ಖಜಾನೆ ಇಲಾಖೆಯಲ್ಲಿ ಗುಮಾಸ್ತರು. ರಿಜಿಸ್ಟರಲ್ಲಿ ಹೆಸರಿರ್ತಿತ್ತು, ಆಳು ಮೈದಾನದಲ್ಲಿರ್ತಿದ್ದ. 1867ರಲ್ಲಿ ಆ ಟೀಮಿನ ಶಾರ್ಟ್‌ಸ್ಟಾಪ್ (ಮೈದಾನದ ಒಳಭಾಗದ ಫೀಲ್ಡರ್) ಜಾರ್ಜ್ ರೈಟ್ ಕೆಲಸದ ವಿಳಾಸ ಅಂತ ಕೊಟ್ಟದ್ದು ಪೆನ್ಸಿಲ್ವೇನಿಯಾ ಅವೆನ್ಯೂನ ಒಂದು ನಂಬರು, ಆ ನಂಬರಲ್ಲಿ ಇದ್ದದ್ದು ಸಾರ್ವಜನಿಕ ಪಾರ್ಕು.

1869ರ ಟೀಮಿನ ಹುಡುಗರು ಎಲ್ಲಿಂದ ಬಂದೋರು? ಶ್ರೀಮಂತರ ಮಕ್ಕಳಾ?

ಅಲ್ಲವೇ ಅಲ್ಲ. ಅವರ ಕಸುಬಿನ ಪಟ್ಟಿ ನೋಡಿದ್ರೆನೇ ಗೊತ್ತಾಗುತ್ತೆ, ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೂ ಆ ಪಟ್ಟಿ ನೋಡೇ. ಕ್ಯಾಪ್ಟನ್ ಹ್ಯಾರಿ ರೈಟ್ ಒಡವೆ ಕೆಲಸ ಕಲಿತವನು, ಅವನ ತಮ್ಮ ಜಾರ್ಜ್ (ಅದೇ ಪಾರ್ಕಿನ ವಿಳಾಸದವನು) ಲೋಹದ ಮೇಲೆ ಅಕ್ಷರ-ಚಿತ್ರ ಕೆತ್ತೋನು, ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಡಗ್ ಆಲಿಸನ್ ಅಮೃತಶಿಲೆ ಕಡಿಯೋನು, ಚಾರ್ಲಿ ಗೂಲ್ಡ್ ಲೆಕ್ಕ ಬರೆಯೋನು, ಸ್ವೀಸಿ ಮತ್ತೆ ಲೆನರ್ಡ್ ಇಬ್ರೂ ಟೋಪಿ ಮಾಡೋರು, ಬ್ರೇನರ್ಡ್ ಮತ್ತೆ ವಾಟರ್‌ಮನ್ ಇನ್ಶೂರೆನ್ಸ್ ಕೆಲಸದವರು, ಕ್ಯಾಲ್ ಮೆಕ್‌ವೇ ಪಿಯಾನೋ ಮಾಡೋನು. ಅಂದ್ರೆ ಎಲ್ಲರೂ ಕೈಕಸುಬಿನವರು ಇಲ್ಲಾ ಸಣ್ಣ ಆಫೀಸಿನವರು. ಅಷ್ಟು ಜನರಲ್ಲಿ ಸಿನ್ಸಿನಾಟಿಯಲ್ಲೇ ಹುಟ್ಟಿದವನು ಗೂಲ್ಡ್ ಒಬ್ಬನೇ, ಉಳಿದವರೆಲ್ಲ ಹೊರಗಿಂದ ಸಂಬಳ ಕೊಟ್ಟು ತಂದ ಹುಡುಗರು.

ಕ್ರಿಕೆಟ್ ಪ್ರಿಯರಿಗೆ ಒಂದು ಮಾತು: ಹ್ಯಾರಿ ರೈಟ್ ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡಲ್ಲಿ, ಅವರಪ್ಪ ನ್ಯೂಯಾರ್ಕಿನ ಸೇಂಟ್ ಜಾರ್ಜ್ ಕ್ರಿಕೆಟ್ ಕ್ಲಬ್ಬಿನ ಪ್ರೊಫೆಷನಲ್ಲು, ಹ್ಯಾರಿ ಸಿನ್ಸಿನಾಟಿಗೆ ಬಂದದ್ದೇ ಇಲ್ಲಿನ ಯೂನಿಯನ್ ಕ್ರಿಕೆಟ್ ಕ್ಲಬ್ಬಿಗೆ ಸಂಬಳದ ಆಟಗಾರನಾಗಿ. ಬೇಸ್‌ಬಾಲ್‌ನಲ್ಲಿ ದಿನಾ ಪ್ರಾಕ್ಟೀಸು, ಶಿಸ್ತು, ಸಂಬಳ ಅನ್ನೋ ಕ್ರಮ ಕ್ರಿಕೆಟ್ ಕ್ಲಬ್ಬಿನ ಮನೆಯಿಂದಲೇ ಬಂತು ಅಂತ ನಾನು ನಂಬ್ತೀನಿ.

ಸಂಬಳ ಎಷ್ಟಿತ್ತು? ಅದು ಜಾಸ್ತಿನಾ ಕಮ್ಮಿನಾ?

1869ರಲ್ಲಿ ಜಾರ್ಜ್ ರೈಟ್‌ಗೆ 1,400 ಡಾಲರ್, ಹ್ಯಾರಿಗೆ 1,200, ಪಿಚರ್ ಬ್ರೇನರ್ಡ್‌ಗೆ 1,100, ಬದಲಿ ಆಟಗಾರನಿಗೆ 600. ಹತ್ತು ಜನಕ್ಕೂ ಸೇರಿ ಸುಮಾರು 9,300 ಡಾಲರ್. ಆ ಕಾಲದಲ್ಲಿ ಕಾರ್ಖಾನೆ ಕೆಲಸಗಾರ ವರ್ಷಪೂರ್ತಿ ದುಡಿದ್ರೆ ಸಿಗ್ತಿದ್ದದ್ದು 400-500 ಡಾಲರ್ ಆಸುಪಾಸು, ಹಾಗಾಗಿ ಆಡಿ ಅದರ ಎರಡು ಮೂರು ಪಟ್ಟು ತಗೊಳ್ಳೋದು ಸಣ್ಣ ಮಾತಲ್ಲ. ಟೋಪಿ ಹೊಲಿಯೋ ಹುಡುಗ ಕೆಲಸ ಬಿಟ್ಟು ಬಂದದ್ದು ಯಾಕೆ ಅಂತ ಇಲ್ಲೇ ಅರ್ಥ ಆಗುತ್ತೆ.

ಆದ್ರೆ ಸಂಬಳ ಬರ್ತಿದ್ದದ್ದು ಸೀಸನ್ ಇದ್ದಷ್ಟು ತಿಂಗಳು ಮಾತ್ರ, ಚಳಿಗಾಲದಲ್ಲಿ ಜೇಬು ಖಾಲಿ. ಅದರಲ್ಲೂ ಕಡಿತ ಇತ್ತು. 1870ರ ದಶಕದ ಕೊನೆಗೆ ಬರೋ ಹೊತ್ತಿಗೆ ನ್ಯಾಷನಲ್ ಲೀಗ್ ಕ್ಲಬ್ಬುಗಳು ಯೂನಿಫಾರ್ಮಿಗೆ ಅಂತ ಆಟಗಾರನ ಸಂಬಳದಿಂದ 30 ಡಾಲರ್, ಹೊರಗೂರಿಗೆ ಹೋದಾಗ ದಿನಕ್ಕೆ 50 ಸೆಂಟ್ಸ್ ಹಿಡ್ಕೊಳ್ಳೋಕೆ ಶುರು ಮಾಡಿದ್ವು. ಜೊತೆಗೆ ಮೈದಾನದಲ್ಲಿ ತಪ್ಪು ಮಾಡಿದ್ರೆ ದಂಡ, ಕುಡಿದ್ರೆ ದಂಡ, ಮಾಲೀಕನಿಗೆ ಎದುರು ಮಾತಾಡಿದ್ರೆ ದಂಡ.

ಟೀಮಿಗೆ ಹೇಗೆ ಆರಿಸ್ತಿದ್ರು? ಟ್ರಯಲ್ಸ್ ಇತ್ತಾ?

ಇವತ್ತಿನ ಹಾಗೆ ಅಕಾಡೆಮಿ, ಏಜ್ ಗ್ರೂಪು ಏನೂ ಇಲ್ಲ. ಊರಿನ ಟೀಮಲ್ಲಿ ಆಡ್ತಾ ಇರಬೇಕು, ದೊಡ್ಡ ಕ್ಲಬ್ಬು ಟೂರಿಗೆ ಬಂದಾಗ ಅವರೆದುರು ಚೆನ್ನಾಗಿ ಆಡಬೇಕು, ಇಲ್ಲಾ ಪರಿಚಯದವರು ಯಾರಾದ್ರೂ ಒಂದು ಮಾತು ಹೇಳಬೇಕು. ಇಲಿನಾಯ್‌ನ ರಾಕ್‌ಫರ್ಡ್ ಅನ್ನೋ ಊರಲ್ಲಿ ದಿನಸಿ ಅಂಗಡಿ ಕೆಲಸ ಮಾಡ್ಕೊಂಡಿದ್ದ ಆಲ್ ಸ್ಪಾಲ್ಡಿಂಗ್, 1867ರಲ್ಲಿ ಟೂರಿಗೆ ಬಂದ ಅದೇ ವಾಷಿಂಗ್ಟನ್ ಗುಮಾಸ್ತರ ಟೀಮನ್ನ ಸೋಲಿಸಿದ್ಮೇಲೆನೇ ಅವನ ಹೆಸರು ಹೊರಗೆ ಗೊತ್ತಾಗಿದ್ದು. ಅಯೋವಾದ ಮಾರ್ಷಲ್‌ಟೌನ್‌ನಲ್ಲಿ ಶವಸಂಸ್ಕಾರದ ಸಾಮಾನಿನ ಅಂಗಡಿಯಲ್ಲಿ ಸಹಾಯಕನಾಗಿದ್ದ ಬಿಲ್ಲಿ ಸಂಡೇ ಅನ್ನೋ ಹುಡುಗ ಚಿರತೆ ಹಾಗೆ ಓಡ್ತಿದ್ದ, ಅದೇ ಊರಿನವನಾದ ಷಿಕಾಗೋ ಕ್ಯಾಪ್ಟನ್ ಕ್ಯಾಪ್ ಆನ್ಸನ್ ಅವನನ್ನ 1883ರಲ್ಲಿ ಸೀದಾ ದೊಡ್ಡ ಲೀಗಿಗೆ ಕರ್ಕೊಂಡು ಹೋದ. ಪೆನ್ಸಿಲ್ವೇನಿಯಾ ಕಡೆ ಕಲ್ಲಿದ್ದಲು ಗಣಿ ಊರುಗಳಿಂದ ಎಷ್ಟೋ ಜನ ಬಂದ್ರು, ಹ್ಯೂಯಿ ಜೆನ್ನಿಂಗ್ಸ್, ಹೋನಸ್ ವ್ಯಾಗ್ನರ್ ಇಬ್ರೂ ಹುಡುಗರಾಗಿದ್ದಾಗ ಗಣಿಯಲ್ಲಿ ದುಡಿದವರು. ಅಂಥವರಿಗೆ ಬೇಸ್‌ಬಾಲ್ ಅಂದ್ರೆ ಮೊದಲು ಗಣಿಯಿಂದ ಹೊರಗೆ ಬರೋ ದಾರಿ.

ಅಪ್ಪ ಅಮ್ಮ ಒಪ್ತಿದ್ರಾ ಅಂತ ಕೇಳ್ತಾರೆ. ಎಲ್ಲಾ ಕಡೆ ಇಲ್ಲ. ಬೇಸ್‌ಬಾಲ್ ಆಟಗಾರ ಅಂದ್ರೆ ಕುಡುಕ, ಜೂಜುಕೋರ ಅನ್ನೋ ಹೆಸರಿತ್ತು, ಒಳ್ಳೆ ಹೋಟೆಲ್ಲುಗಳು ಟೀಮಿಗೆ ರೂಮ್ ಕೊಡೋಕೂ ಹಿಂದೆ ಮುಂದೆ ನೋಡ್ತಿದ್ವು.

ಒಂದು ಕ್ಲಬ್ಬಿಂದ ಇನ್ನೊಂದಕ್ಕೆ ಹೋಗೋಕೆ ಆಗ್ತಿತ್ತಾ?

ಮೊದಲು ಆಗ್ತಿತ್ತು, ಆಮೇಲೆ ಆಗಲಿಲ್ಲ. ಇಡೀ ಕಥೆಯ ಗಂಟು ಇರೋದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

1870ರ ದಶಕದಲ್ಲಿ ಒಂದು ಸೀಸನ್ ಮುಗಿದ್ರೆ ಆಟಗಾರ ಸ್ವತಂತ್ರ, ಜಾಸ್ತಿ ಕೊಡೋರ ಕಡೆ ಹೋಗಬಹುದಿತ್ತು. ಕೆಲವರು ಸೀಸನ್ ಮಧ್ಯದಲ್ಲೇ ಎದ್ದು ಹೋಗಿಬಿಡ್ತಿದ್ರು, ಅಂಥವರನ್ನ "ರಿವಾಲ್ವರ್" ಅಂತ ಕರೀತಿದ್ರು, ಅಂದ್ರೆ ಸುತ್ತುತ್ತಾ ಇರೋನು ಅಂತ. ಮಾಲೀಕರಿಗೆ ಇದು ತಲೆನೋವು. 1879ರ ಸೆಪ್ಟೆಂಬರಲ್ಲಿ ನ್ಯಾಷನಲ್ ಲೀಗ್ ಮಾಲೀಕರೆಲ್ಲ ಸೇರಿ ಗುಟ್ಟಾಗಿ ಒಂದು ಒಪ್ಪಂದ ಮಾಡ್ಕೊಂಡ್ರು: ಪ್ರತಿ ಕ್ಲಬ್ಬು ಐದು ಆಟಗಾರರ ಹೆಸರು "ರಿಸರ್ವ್" ಅಂತ ಇಟ್ಕೊಳ್ಳಬಹುದು, ಅವರನ್ನ ಬೇರೆ ಯಾವ ಕ್ಲಬ್ಬೂ ಮುಟ್ಟಬಾರದು. ಸಂಬಳ ಏರೋದನ್ನ ತಡೆಯೋಕೆ ಮಾಡಿದ್ದು ಇದು. 1883ಕ್ಕೆ ಐದು ಹೋಗಿ ಹನ್ನೊಂದಾಯ್ತು, ಅಂದ್ರೆ ಹೆಚ್ಚುಕಮ್ಮಿ ಇಡೀ ಟೀಮು. 1887ಕ್ಕೆ ಕಾಂಟ್ರಾಕ್ಟಲ್ಲೇ ಅಚ್ಚಾಯ್ತು.

ಅದರ ಅರ್ಥ ಏನು ನೋಡಿ. ನೀವು ಒಂದ್ಸಲ ಸಹಿ ಹಾಕಿದ್ರೆ ಮುಗೀತು, ಆ ಕ್ಲಬ್ಬು ನಿಮ್ಮನ್ನ ಮಾರೋ ತನಕ ಇಲ್ಲಾ ಓಡಿಸೋ ತನಕ ನೀವು ಅವರ ಆಸ್ತಿ, ಅವರು ಹೇಳಿದ ಸಂಬಳಕ್ಕೆ ಆಡಬೇಕು, ಇಲ್ಲಾಂದ್ರೆ ಆಟನೇ ಬಿಟ್ಟು ಮನೆಗೆ ಹೋಗಬೇಕು. ಆದ್ರೆ ಕ್ಲಬ್ಬು ಮಾತ್ರ ನಿಮ್ಮನ್ನ ಹತ್ತು ದಿನದ ನೋಟಿಸಲ್ಲಿ ಕಳಿಸಿಬಿಡಬಹುದು. ಬಾಸ್ಟನ್ ಕ್ಲಬ್ಬು ಸರಿಯಾಗಿ ಸಂಬಳ ಕೊಡಲಿಲ್ಲ ಅಂತ 1880ರಲ್ಲಿ ಚಾರ್ಲಿ ಜೋನ್ಸ್ ಅನ್ನೋ ಒಳ್ಳೆ ಬ್ಯಾಟ್ಸ್‌ಮನ್ ಆಡಲ್ಲ ಅಂದ, ಅವನನ್ನೇ ಬ್ಲ್ಯಾಕ್‌ಲಿಸ್ಟ್ ಮಾಡಿದ್ರು, ಅವನ ಕೈ ಚೆನ್ನಾಗಿ ಓಡ್ತಿದ್ದ ಎರಡು ವರ್ಷ ಹಾಳಾಗಿ ಹೋಯ್ತು. ಇಂಥದ್ದು ಓದಿದಾಗ ನನಗೆ ಈಗಲೂ ಸಿಟ್ಟು ಬರುತ್ತೆ. ಈ ನಿಯಮ ಪೂರ್ತಿ ಮುರಿದು ಬಿದ್ದದ್ದು 1975ರ ಡಿಸೆಂಬರಲ್ಲಿ, ಅಂದ್ರೆ 96 ವರ್ಷ ಆದ್ಮೇಲೆ.

ಆಟಗಾರರು ಸುಮ್ನೆ ಇದ್ರಾ? ಯೂನಿಯನ್ ಮಾಡ್ಕೊಳ್ಳಲಿಲ್ವಾ?

ಮಾಡ್ಕೊಂಡ್ರು, ಅದೂ ತುಂಬಾ ಬೇಗ. ಇಲ್ಲಿ ಬರೋ ಮುಖ್ಯ ಮನುಷ್ಯ ಜಾನ್ ಮಾಂಟ್ಗೊಮೆರಿ ವಾರ್ಡ್. ಚಿಕ್ಕ ವಯಸ್ಸಲ್ಲೇ ಅಪ್ಪ ಅಮ್ಮನ್ನ ಕಳ್ಕೊಂಡವನು, 1880ರಲ್ಲಿ 20ನೇ ವಯಸ್ಸಿಗೇ ಎದುರಾಳಿ ಒಬ್ಬನನ್ನೂ ಬೇಸ್ (ರನ್ನಿಗೆ ಓಡುವಾಗ ಮುಟ್ಟಬೇಕಾದ ಗುರುತು) ಮುಟ್ಟೋಕೆ ಬಿಡದ ಪರ್ಫೆಕ್ಟ್ ಗೇಮ್ ಎಸೆದ. ಆಮೇಲೆ ಭುಜ ಹೋಯ್ತು, ಪಿಚಿಂಗ್ ಬಿಟ್ಟು ಶಾರ್ಟ್‌ಸ್ಟಾಪ್ ಆದ. ಆಡ್ತಾ ಆಡ್ತಾನೇ ಕೊಲಂಬಿಯಾದಲ್ಲಿ ಲಾ ಓದಿ 1885ರಲ್ಲಿ ಡಿಗ್ರಿ ತಗೊಂಡ, ಅದೇ ವರ್ಷ ಆಟಗಾರರ ಬ್ರದರ್‌ಹುಡ್ ಅನ್ನೋ ಯೂನಿಯನ್ ಕಟ್ಟಿದ. 1887ರಲ್ಲಿ ಒಂದು ಪತ್ರಿಕೆಯಲ್ಲಿ ಬೇಸ್‌ಬಾಲ್ ಆಟಗಾರ ಏನು ದನ-ಕರು ಹಾಗೆ ಮಾರೋ ಆಸ್ತಿನಾ ಅಂತ ನೇರವಾಗಿ ಕೇಳಿ ಬರೆದ. ಅದೇ ವರ್ಷ ಷಿಕಾಗೋ ತನ್ನ ಸ್ಟಾರ್ ಕಿಂಗ್ ಕೆಲ್ಲಿಯನ್ನ ಬಾಸ್ಟನ್‌ಗೆ 10,000 ಡಾಲರ್‌ಗೆ ಮಾರಿತ್ತು. ಆ ದುಡ್ಡು ಕೆಲ್ಲಿಗೆ ಅಲ್ಲ, ಪೂರ್ತಿ ಕ್ಲಬ್ಬಿಗೆ. ಕೆಲ್ಲಿಗೆ ಸಿಕ್ಕಿದ್ದು 2,000 ಸಂಬಳ, ಮೇಲೆ ಅವನ ಫೋಟೋ ಬಳಸೋಕೆ ಅಂತ 3,000. ಸಂಬಳದ ಮಿತಿ ಇದ್ದದ್ದರಿಂದ ಈ ಫೋಟೋ ದಾರಿ ಕಂಡುಹಿಡಿದ್ರು.

1889ಕ್ಕೆ ಮಾಲೀಕರು ಇನ್ನೊಂದು ಯೋಜನೆ ತಂದ್ರು, ಆಟಗಾರರನ್ನ ಎ ಇಂದ ಇ ತನಕ ಐದು ದರ್ಜೆ ಮಾಡಿ 1,500ರಿಂದ 2,500 ಡಾಲರ್ ಒಳಗೇ ಸಂಬಳ ಅಂತ. ದರ್ಜೆ ಹಾಕೋವಾಗ ಆಟ ಮಾತ್ರ ಅಲ್ಲ, ನಡತೆನೂ ಲೆಕ್ಕಕ್ಕೆ. ಇದಾದ್ಮೇಲೆ ಸಹನೆ ಮುಗೀತು, 1890ರಲ್ಲಿ ಆಟಗಾರರೇ ಹೂಡಿಕೆದಾರರನ್ನ ಹುಡುಕಿ ತಮ್ಮದೇ ಪ್ಲೇಯರ್ಸ್ ಲೀಗ್ ಶುರು ಮಾಡಿದ್ರು, ಹೆಸರಾಂತ ಆಟಗಾರರಲ್ಲಿ ಹೆಚ್ಚಿನವರು ಅಲ್ಲಿಗೇ ಹೋದ್ರು. ಕಾನಿ ಮ್ಯಾಕ್ ಅನ್ನೋ ಕ್ಯಾಚರ್ ತನ್ನ ಉಳಿತಾಯ ಎಲ್ಲಾ ಬಫಲೋ ಟೀಮಿಗೆ ಹಾಕಿ ಕಳ್ಕೊಂಡ. ಸ್ಪಾಲ್ಡಿಂಗೇ ಮುಂದೆ ಹೇಳ್ಕೊಂಡ ಪ್ರಕಾರ, ಕೆಲ್ಲಿಯನ್ನ ವಾಪಸ್ ಎಳೆಯೋಕೆ ಅವನು 10,000 ಡಾಲರ್ ಮುಂದಿಟ್ಟ, ಕೆಲ್ಲಿ ಹೊರಗೆ ಒಂದು ಸುತ್ತು ಹಾಕ್ಕೊಂಡು ಬಂದು "ಹುಡುಗರಿಗೆ ಕೈ ಕೊಡೋಕೆ ಆಗಲ್ಲ" ಅಂದ. ಆಗ ಸ್ಪಾಲ್ಡಿಂಗ್ ಎದುರು ಪಕ್ಷದ, ಅಂದ್ರೆ ಮಾಲೀಕರ ಕಡೆಯ ನಾಯಕ. ಲೀಗು ಒಂದೇ ವರ್ಷಕ್ಕೆ ಮುಚ್ಚಿತು. ಜನ ಬರ್ತಿದ್ರು, ಆದ್ರೆ ದುಡ್ಡು ಹಾಕಿದ ಹೂಡಿಕೆದಾರರು ಹೆದರಿ ಹಳೇ ಮಾಲೀಕರ ಜೊತೆ ರಾಜಿ ಮಾಡ್ಕೊಂಡುಬಿಟ್ರು. ಆಮೇಲೆ 1890ರ ದಶಕದಲ್ಲಿ ಇದ್ದದ್ದು ಒಂದೇ ದೊಡ್ಡ ಲೀಗು, ಸಂಬಳಕ್ಕೆ 2,400 ಡಾಲರ್ ಮಿತಿ, ಹೋಗೋಕೆ ಬೇರೆ ಜಾಗ ಇಲ್ಲ. 1901ರಲ್ಲಿ ಅಮೆರಿಕನ್ ಲೀಗ್ ಎದ್ದು ನಿಂತ ಮೇಲೆನೇ ಆಟಗಾರರಿಗೆ ಮತ್ತೆ ಉಸಿರು ಬಂದದ್ದು.

ವಾರ್ಡ್ 1894ಕ್ಕೆ ಆಟ ಬಿಟ್ಟು ಪೂರ್ತಿ ವಕೀಲನಾದ. ನ್ಯೂಯಾರ್ಕ್ ಮಾಲೀಕ 200 ಡಾಲರ್ ದಂಡ ಹಾಕಿದ್ದಕ್ಕೆ 1896ರ ಇಡೀ ಸೀಸನ್ ಆಡದೇ ಮನೇಲಿ ಕೂತ ಏಮಸ್ ರೂಸಿ ಅನ್ನೋ ಬೆಂಕಿಯಂಥ ಪಿಚರ್ ಪರವಾಗಿ ನಿಂತದ್ದೂ ಇವನೇ. ಕೊನೆಗೆ ಉಳಿದ ಮಾಲೀಕರೇ ಸೇರಿ ದುಡ್ಡು ಹಾಕಿ ರೂಸಿಯನ್ನ ಸಮಾಧಾನ ಮಾಡಿದ್ರು, ಯಾಕಂದ್ರೆ ರಿಸರ್ವ್ ನಿಯಮ ಕೋರ್ಟಿಗೆ ಹೋದ್ರೆ ನಿಲ್ಲುತ್ತೆ ಅನ್ನೋ ಧೈರ್ಯ ಅವರಿಗೇ ಇರಲಿಲ್ಲ.

ಕಪ್ಪು ಜನಾಂಗದ ಆಟಗಾರರಿಗೆ ಅವಕಾಶ ಇತ್ತಾ?

ಶುರುವಿನಲ್ಲಿ ಸ್ವಲ್ಪ ಇತ್ತು, ಆಮೇಲೆ ಬಾಗಿಲು ಮುಚ್ಚಿದ್ರು. ಜಾಕಿ ರಾಬಿನ್ಸನ್ ಅನ್ನೋ ಕಪ್ಪು ಆಟಗಾರ 1947ರಲ್ಲಿ ದೊಡ್ಡ ಲೀಗಿಗೆ ಬಂದದ್ದು ಎಲ್ಲರಿಗೂ ಗೊತ್ತು, ಅದಕ್ಕೆ 63 ವರ್ಷ ಮುಂಚೆ, 1884ರಲ್ಲಿ, ಮೋಸೆಸ್ ಫ್ಲೀಟ್‌ವುಡ್ ವಾಕರ್ ಟೊಲೀಡೋ ಟೀಮಿಗೆ ದೊಡ್ಡ ಲೀಗಲ್ಲಿ ಕ್ಯಾಚರ್ ಆಗಿ 42 ಮ್ಯಾಚ್ ಆಡಿದ್ದ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಓಬರ್ಲಿನ್ ಕಾಲೇಜಲ್ಲಿ ಓದಿದವನು. 1887ರ ಜುಲೈ 14ರಂದು ವಾಕರ್ ಆಗ ಆಡ್ತಿದ್ದ ನ್ಯೂವಾರ್ಕ್ ಟೀಮಿಗೆ ಅದೇ ಊರಲ್ಲಿ ಷಿಕಾಗೋ ಎದುರು ಮ್ಯಾಚು, ಕ್ಯಾಪ್ ಆನ್ಸನ್ ಕಪ್ಪು ಆಟಗಾರರು ಮೈದಾನದಲ್ಲಿದ್ರೆ ಆಡಲ್ಲ ಅಂತ ಹಟ ಹಿಡಿದ, ವಾಕರ್ ಮತ್ತು ಪಿಚರ್ ಜಾರ್ಜ್ ಸ್ಟೋವಿ ಹೊರಗೆ ಕೂತ್ರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ನ್ಯೂವಾರ್ಕ್ ಇದ್ದ ಸಣ್ಣ ಲೀಗಿನ (ಇಂಟರ್‌ನ್ಯಾಷನಲ್ ಲೀಗ್) ಮಾಲೀಕರು ಇನ್ಮುಂದೆ ಹೊಸದಾಗಿ ಕಪ್ಪು ಆಟಗಾರರನ್ನ ತಗೊಳ್ಳೋದು ಬೇಡ ಅಂತ ವೋಟ್ ಹಾಕಿದ್ರು. ಹೀಗೆ ಹಟ ಹಿಡಿದವನು ಬಿಲ್ಲಿ ಸಂಡೇಗೆ ದಾರಿ ತೋರಿಸಿದ ಅದೇ ಆನ್ಸನ್. ವಾಕರ್ ಮುಂದೆ ಪಿರಂಗಿ ಗುಂಡಿನ ವಿನ್ಯಾಸಕ್ಕೆ ಪೇಟೆಂಟ್ ತಗೊಂಡ, ಓಹಾಯೋದ ಕ್ಯಾಡಿಜ್‌ನಲ್ಲಿ ಥಿಯೇಟರ್ ನಡೆಸಿದ, 1924ರಲ್ಲಿ ತೀರಿಕೊಂಡ.

ಬಡ್ ಫೌಲರ್ ಕಥೆ ಇನ್ನೂ ಕಾಡುತ್ತೆ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ, ಈಗ ಬೇಸ್‌ಬಾಲ್ ಹಾಲ್ ಆಫ್ ಫೇಮ್ (ದಿಗ್ಗಜರಿಗೆ ಗೌರವ ಕೊಡೋ ಮ್ಯೂಸಿಯಂ) ಇರೋ ಅದೇ ಊರು. ಅಪ್ಪನಿಂದ ಕ್ಷೌರದ ಕೆಲಸ ಕಲಿತಿದ್ದ. 1878ರಲ್ಲಿ ಬಿಳಿಯರ ಪ್ರೊಫೆಷನಲ್ ಟೀಮಿನಲ್ಲಿ ಆಡಿದ, ಅಂಥ ಅವಕಾಶ ಸಿಕ್ಕ ಮೊದಲ ಕಪ್ಪು ಆಟಗಾರ ಇವನೇ. ಆಮೇಲೆ ಬದುಕೆಲ್ಲ ಊರಿಂದ ಊರಿಗೆ ಅಲೆದಾಟ. ಟೀಮು ತಗೊಂಡ್ರೆ ಆಡೋದು, ಬಿಳಿ ಆಟಗಾರರು ತಕರಾರು ಮಾಡಿದ್ರೆ ಪೆಟ್ಟಿಗೆ ಕಟ್ಟೋದು, ಹೋದ ಊರಲ್ಲಿ ಕತ್ತರಿ ಬಾಚಣಿಗೆ ಹಿಡಿದು ಹೊಟ್ಟೆ ಹೊರೆಯೋದು. 1895ರಲ್ಲಿ ಮಿಶಿಗನ್‌ನ ಏಡ್ರಿಯನ್‌ನಲ್ಲಿ ಪೇಜ್ ಫೆನ್ಸ್ ಜಯಂಟ್ಸ್ ಅನ್ನೋ ಕಪ್ಪು ಆಟಗಾರರ ಟೀಮ್ ಕಟ್ಟಿದವರಲ್ಲಿ ಒಬ್ಬ. 1913ರಲ್ಲಿ ಬಡತನದಲ್ಲೇ ಸತ್ತ, ಸಮಾಧಿಗೆ ಕಲ್ಲು ಬಂದದ್ದು 1987ರಲ್ಲಿ, ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2022ರಲ್ಲಿ.

ಚಳಿಗಾಲದಲ್ಲಿ ಏನು ಮಾಡ್ತಿದ್ರು?

ಹಳೇ ಕಸುಬಿಗೇ ವಾಪಸ್. ಪೈಪ್ ಜೋಡಿಸೋನು ಪೈಪ್ ಜೋಡಿಸ್ತಿದ್ದ, ಬಾರಲ್ಲಿ ಗ್ಲಾಸ್ ತುಂಬ್ತಿದ್ದೋನು ಅಲ್ಲಿಗೇ ಹೋಗ್ತಿದ್ದ. ಸೈ ಯಂಗ್ ಅಪ್ಪನ ಹೊಲದಲ್ಲಿ ಸೌದೆ ಒಡೀತಿದ್ದ, ಅದರಿಂದಲೇ ತೋಳು ಗಟ್ಟಿ ಅಂತ ಹೇಳ್ಕೊಳ್ತಿದ್ದ. ಕಿಂಗ್ ಕೆಲ್ಲಿ ನಾಟಕದ ಸ್ಟೇಜ್ ಹತ್ತಿ ಪದ್ಯ ಹೇಳ್ತಿದ್ದ. ವಾರ್ಡ್ ಥರದೋರು ಓದ್ತಿದ್ರು.

ಎಷ್ಟು ವರ್ಷ ಆಡೋಕೆ ಆಗ್ತಿತ್ತು?

ಹೆಚ್ಚಿನವರಿಗೆ ಮೂರು ನಾಲ್ಕು ವರ್ಷ ದೊಡ್ಡ ಲೀಗಲ್ಲಿ ನಿಂತ್ರೆ ಅದೇ ಪುಣ್ಯ. 1870ರ ದಶಕದಲ್ಲಿ ಗ್ಲೌಸ್ ಹಾಕ್ಕೊಂಡ್ರೆ ನಾಚಿಕೆ ಅನ್ನೋ ಮನೋಭಾವ, ಕ್ಯಾಚರ್‌ಗಳು ಬರೀ ಕೈಯಲ್ಲಿ ಹಿಡಿದು ಹಿಡಿದು ಬೆರಳೆಲ್ಲ ಸೊಟ್ಟ. ಪಿಚರ್‌ಗಳ ಕಥೆ ಇನ್ನೂ ಕಷ್ಟ. ಪ್ರಾವಿಡೆನ್ಸ್ ಟೀಮಿನ ಚಾರ್ಲ್ಸ್ ರಾಡ್ಬೋರ್ನ್ 1884ರಲ್ಲಿ ಒಂದೇ ಸೀಸನ್‌ನಲ್ಲಿ 678ಕ್ಕೂ ಹೆಚ್ಚು ಇನ್ನಿಂಗ್ಸ್ (ಇಲ್ಲಿ ಮೂರು ಔಟ್ ಆದ್ರೆ ಒಂದು ಇನ್ನಿಂಗ್ಸ್, ಮ್ಯಾಚಿಗೆ ಒಂಬತ್ತು) ಎಸೆದ, ತಾನು ಶುರು ಮಾಡಿದ 73 ಮ್ಯಾಚನ್ನೂ ತಾನೇ ಮುಗಿಸಿದ. ಈಗಿನ ಪಿಚರ್ ಒಬ್ಬ ವರ್ಷಕ್ಕೆ 200 ಇನ್ನಿಂಗ್ಸ್ ಎಸೆದ್ರೆ ದೊಡ್ಡದು. ಅವನಿಗೆ ಬೆಳಿಗ್ಗೆ ಎದ್ರೆ ತಲೆ ಬಾಚೋಕೂ ತೋಳು ಎತ್ತೋಕೆ ಆಗ್ತಿರಲಿಲ್ಲ ಅಂತಾರೆ. ಆಟ ಬಿಟ್ಟು ಬ್ಲೂಮಿಂಗ್ಟನ್‌ನಲ್ಲಿ ಬಿಲಿಯರ್ಡ್ಸ್ ಟೇಬಲ್ ಇರೋ ಬಾರ್ ಇಟ್ಟ, ಬೇಟೆಗೆ ಹೋದಾಗ ಗುಂಡು ತಗುಲಿ ಒಂದು ಕಣ್ಣು ಹೋಯ್ತು, 1897ರಲ್ಲಿ 42ಕ್ಕೇ ತೀರಿಕೊಂಡ.

ದೊಡ್ಡ ಲೀಗಿನ ಆಟ ಮುಗಿದ್ಮೇಲೆ ಸೀದಾ ಮನೆಗೆ ಅಲ್ಲ, ಸಣ್ಣ ಲೀಗುಗಳಲ್ಲಿ ಇಳೀತಾ ಇಳೀತಾ ಇನ್ನೂ ಐದಾರು ವರ್ಷ ಆಡೋರು ತುಂಬಾ ಜನ. ಡ್ಯಾನ್ ಬ್ರೂಥರ್ಸ್ 46 ವಯಸ್ಸಲ್ಲಿ ಹಡ್ಸನ್ ನದಿ ಕಡೆ ಸಣ್ಣ ಲೀಗಲ್ಲಿ ಇನ್ನೂ ಬಾರಿಸ್ತಾ ಇದ್ದ.

ಓದಿದವರು ಇದ್ರಾ?

ಕಮ್ಮಿ, ಆದ್ರೆ ಇದ್ದವರ ಕಥೆ ಚೆನ್ನಾಗಿದೆ. ಡಾಕ್ ಬುಶಾಂಗ್ ಕ್ಯಾಚರ್ ಆಗಿದ್ದುಕೊಂಡೇ ಹಲ್ಲಿನ ಡಾಕ್ಟರಿಕೆ ಓದಿದ. ಮುಂದೆ ಹಲ್ಲು ಕೀಳೋ ಬಲಗೈ ಹಾಳಾಗಬಾರದು ಅಂತ ಆದಷ್ಟು ಎಡಗೈಯಲ್ಲೇ ಚೆಂಡು ಹಿಡಿಯೋಕೆ ಅಭ್ಯಾಸ ಮಾಡ್ಕೊಂಡ, ಆಟ ಬಿಟ್ಟು ಡೆಂಟಿಸ್ಟ್ ಆಗೇ ಬದುಕಿದ. ಜಿಮ್ ಓರೂರ್ಕ್ ಯೇಲ್‌ನಲ್ಲಿ ಲಾ ಓದಿ ಬ್ರಿಡ್ಜ್‌ಪೋರ್ಟಲ್ಲಿ ವಕೀಲನಾದ. ಅವನು ಮೊದಲ ಸಲ ಪ್ರೊಫೆಷನಲ್ ಟೀಮಿಗೆ ಸೇರೋವಾಗ, ಮನೆ ಹೊಲದಲ್ಲಿ ಅಮ್ಮನಿಗೆ ಸಹಾಯಕ್ಕೆ ಒಬ್ಬ ಆಳನ್ನ ಕ್ಲಬ್ಬೇ ಕೊಡಬೇಕು ಅಂತ ಷರತ್ತು ಹಾಕಿದ್ದ ಅನ್ನೋ ಕಥೆ ಆ ಕಡೆ ಈಗಲೂ ಹೇಳ್ತಾರೆ. 1904ರಲ್ಲಿ 54ನೇ ವಯಸ್ಸಿಗೆ ನ್ಯೂಯಾರ್ಕ್ ಜಯಂಟ್ಸ್ ಪರ ಒಂದು ಪೂರ್ತಿ ಮ್ಯಾಚ್ ಕ್ಯಾಚರ್ ಆಗಿ ಆಡಿದ. ಗಣಿ ಹುಡುಗ ಜೆನ್ನಿಂಗ್ಸ್ ಕೂಡ ಕಾರ್ನೆಲ್‌ಗೆ ಹೋಗಿ ಲಾ ಓದಿದ.

ಆಟ ಬಿಟ್ಟ ಮೇಲೆ ಹೆಚ್ಚಿನವರು ಏನಾದ್ರು?

ಅತಿ ಹೆಚ್ಚು ಜನ ಬಾರ್ ಇಟ್ರು, ಅದು ಆ ಕಾಲದ ಮಾಮೂಲಿ ದಾರಿ, ಹೆಸರು ಇರೋ ತನಕ ಜನ ಬರ್ತಾರೆ ಅನ್ನೋ ಲೆಕ್ಕ. ಎಷ್ಟೋ ಬಾರು ಎರಡು ಮೂರು ವರ್ಷಕ್ಕೆ ಮುಚ್ಚಿದ್ವು, ಇಟ್ಟವನೇ ಕುಡಿತಕ್ಕೆ ಬಿದ್ದದ್ದೂ ಉಂಟು. ಪಡ್ ಗಾಲ್ವಿನ್, 300 ಮ್ಯಾಚ್ ಗೆದ್ದ ಮೊದಲ ಪಿಚರ್, ಪಿಟ್ಸ್‌ಬರ್ಗಲ್ಲಿ ಬಾರ್ ಇಟ್ಟು ಕೈ ಸುಟ್ಕೊಂಡು 1902ರಲ್ಲಿ ಬಡತನದಲ್ಲಿ ಸತ್ತ. ಅಷ್ಟು ಸಂಪಾದಿಸಿದ ಕಿಂಗ್ ಕೆಲ್ಲಿ 1894ರಲ್ಲಿ 36ಕ್ಕೇ ನ್ಯುಮೋನಿಯಾದಲ್ಲಿ ಹೋದ, ಕೈಯಲ್ಲಿ ಏನೂ ಉಳಿದಿರಲಿಲ್ಲ. ಆಟಗಾರರಿಗೆ ಪೆನ್ಷನ್ ಅನ್ನೋದು ಬಂದದ್ದು 1947ರಲ್ಲಿ, ಅಂದ್ರೆ ಇವರ್ಯಾರಿಗೂ ಸಿಗಲಿಲ್ಲ.

ಚೆನ್ನಾಗಿ ನಿಂತವರು ಅಂದ್ರೆ ಆಡ್ತಾ ಇರೋವಾಗಲೇ ಇನ್ನೊಂದು ಕಾಲು ಬೇರೆ ಕಡೆ ಊರಿದವರು. ಸ್ಪಾಲ್ಡಿಂಗ್ 1876ರಲ್ಲಿ ಷಿಕಾಗೋದಲ್ಲಿ ಆಟದ ಸಾಮಾನಿನ ಅಂಗಡಿ ತೆಗೆದ, ಚೆಂಡಿನಿಂದ ಹಿಡಿದು ಗ್ಲೌಸ್ ತನಕ ಮಾರಿ ಕೋಟ್ಯಧಿಪತಿ ಆದ. ಜಾರ್ಜ್ ರೈಟ್ ಬಾಸ್ಟನ್‌ನಲ್ಲಿ ರೈಟ್ ಅಂಡ್ ಡಿಟ್ಸನ್ ಕಂಪನಿ ಮಾಡಿ ಟೆನಿಸ್, ಗಾಲ್ಫ್ ಸಾಮಾನು ಮಾರಿದ, ಅವನ ಮಗ ಬೀಲ್ಸ್ ರೈಟ್ 1905ರಲ್ಲಿ ಅಮೆರಿಕದ ಟೆನಿಸ್ ಚಾಂಪಿಯನ್. ಕನ್ನಡಕ ಹಾಕ್ಕೊಂಡೇ ಪಿಚಿಂಗ್ ಮಾಡಿದ ವಿಲ್ ವೈಟ್ ಬಫಲೋದಲ್ಲಿ ಕನ್ನಡಕದ ಕಂಪನಿ ಇಟ್ಟ. ಕರ್ವ್ ಬಾಲ್‌ಗೆ (ಗಾಳಿಯಲ್ಲೇ ತಿರುಗೋ ಎಸೆತ) ಹೆಸರಾದ ಕ್ಯಾಂಡಿ ಕಮಿಂಗ್ಸ್ ಪೇಂಟ್ ಮತ್ತು ವಾಲ್‌ಪೇಪರ್ ಅಂಗಡಿ ನಡೆಸಿದ. ಲಿಪ್ ಪೈಕ್ ಬ್ರೂಕ್ಲಿನ್‌ನಲ್ಲಿ ಗಂಡಸರ ಬಟ್ಟೆ ಅಂಗಡಿ.

ಆಟದಲ್ಲೇ ಉಳಿದವರು ಅಂಪೈರ್ ಆದ್ರು, ಮ್ಯಾನೇಜರ್ ಆದ್ರು. ಶೂ ಕಾರ್ಖಾನೆ ಕೆಲಸ ಬಿಟ್ಟು ಬಂದಿದ್ದ, 1890ರಲ್ಲಿ ಉಳಿತಾಯ ಕಳ್ಕೊಂಡಿದ್ದ ಅದೇ ಕಾನಿ ಮ್ಯಾಕ್ 1901ರಿಂದ 1950ರ ತನಕ, 50 ವರ್ಷ, ಫಿಲಡೆಲ್ಫಿಯಾ ಅಥ್ಲೆಟಿಕ್ಸ್‌ನ ಮ್ಯಾನೇಜರ್. ಆಟ ಬಿಟ್ಟ ಹಳೇ ಗೆಳೆಯರಿಗೆ ಆಸರೆ ಕೊಟ್ಟವರೂ ಇದ್ರು. ನ್ಯೂಯಾರ್ಕ್ ಜಯಂಟ್ಸ್ ಮ್ಯಾನೇಜರ್ ಜಾನ್ ಮೆಗ್ರಾ, ಡ್ಯಾನ್ ಬ್ರೂಥರ್ಸ್‌ಗೂ ಏಮಸ್ ರೂಸಿಗೂ ತನ್ನ ಮೈದಾನದಲ್ಲೇ ಕೆಲಸ ಕೊಡಿಸಿದ. ನನ್ನ ಮಟ್ಟಿಗೆ ಮೆಗ್ರಾ ಗೆದ್ದ ಟ್ರೋಫಿಗಳಿಗಿಂತ ಇದು ದೊಡ್ಡದು.

1869ರ ಪಿಯಾನೋ ಹುಡುಗ ಕ್ಯಾಲ್ ಮೆಕ್‌ವೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿ 1906ರ ಭೂಕಂಪದಲ್ಲಿ ಇದ್ದದ್ದೆಲ್ಲ ಕಳ್ಕೊಂಡ, ಅರವತ್ತು ದಾಟಿದ ಮೇಲೆ ನೆವಾಡಾದ ಗಣಿಯಲ್ಲಿ ದುಡಿಯೋಕೆ ಹೋಗಿ ಬಿದ್ದು ಏಟು ಮಾಡ್ಕೊಂಡ.

ಮ್ಯಾಚ್ ಫಿಕ್ಸಿಂಗ್ ಇತ್ತಾ?

ಇತ್ತು. 1877ರಲ್ಲಿ ಲೂಯಿವಿಲ್ ಟೀಮಿನ ನಾಲ್ಕು ಜನರನ್ನ ಜೀವನಪೂರ್ತಿ ಬ್ಯಾನ್ ಮಾಡಿದ್ರು. ಅದರಲ್ಲಿ ಜಿಮ್ ಡೆವ್ಲಿನ್ ಅನ್ನೋ ಪಿಚರ್ ಹೆಂಡತಿ ಮಗು ಉಪವಾಸ ಇದ್ದಾರೆ, ಏನಾದ್ರೂ ಕೆಲಸ ಕೊಡಿ ಅಂತ ವರ್ಷಗಟ್ಟಲೆ ಲೀಗಿಗೆ ಕಾಗದ ಬರೆದ, ಕೇಳಲಿಲ್ಲ. ಕೊನೆಗೆ ಫಿಲಡೆಲ್ಫಿಯಾದಲ್ಲಿ ಪೊಲೀಸ್ ಆದ, 1883ರಲ್ಲಿ ಕ್ಷಯದಿಂದ ಸತ್ತ. ತಪ್ಪು ಮಾಡಿದ್ದು ನಿಜ. ಆದ್ರೆ ಆ ಟೀಮು ಹುಡುಗರಿಗೆ ಸಂಬಳ ಬಾಕಿ ಇಟ್ಟಿದ್ದೂ ನಿಜ, ಅದನ್ನ ಯಾರೂ ವಿಚಾರಣೆ ಮಾಡಲಿಲ್ಲ.

ರಾಜಕೀಯಕ್ಕೆ, ಬೇರೆ ದೊಡ್ಡ ಜಾಗಕ್ಕೆ ಯಾರಾದ್ರೂ ಹೋದ್ರಾ?

ಐರ್ಲೆಂಡಲ್ಲಿ ಹುಟ್ಟಿದ ಜಾನ್ ಟೆನರ್ 1888-89ರಲ್ಲಿ ಷಿಕಾಗೋಗೆ ಪಿಚರ್, ಆಮೇಲೆ ಬ್ಯಾಂಕು, 1911ರಿಂದ 1915ರ ತನಕ ಪೆನ್ಸಿಲ್ವೇನಿಯಾದ ಗವರ್ನರ್. ಬಿಲ್ಲಿ ಸಂಡೇ 1891ರಲ್ಲಿ ದೊಡ್ಡ ಕಾಂಟ್ರಾಕ್ಟ್ ಬಿಟ್ಟು ತಿಂಗಳಿಗೆ 83 ಡಾಲರ್ ಸಂಬಳಕ್ಕೆ ಷಿಕಾಗೋದ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಸೇರಿದ, ಮುಂದೆ ಅಮೆರಿಕದಲ್ಲೇ ಅತಿ ಹೆಸರಾಂತ ಕ್ರೈಸ್ತ ಪ್ರಚಾರಕ ಆದ.

ನಿಮಗೆ ಅತಿ ಇಷ್ಟವಾದ ಕೆರಿಯರ್ ಯಾರದು?

ವಿಲಿಯಂ ಹೋಯ್. ಮೂರನೇ ವಯಸ್ಸಿಗೆ ಮೆದುಳು ಜ್ವರ ಬಂದು ಕಿವಿ ಪೂರ್ತಿ ಹೋಯ್ತು, ಮಾತೂ ಬರಲಿಲ್ಲ. ಓಹಾಯೋದ ಕಿವುಡರ ಶಾಲೆಯಲ್ಲಿ ತರಗತಿಗೇ ಮೊದಲನೆಯವರಾಗಿ ಪಾಸಾಗಿ, ಊರಲ್ಲಿ ಚಪ್ಪಲಿ-ಶೂ ಹೊಲಿಯೋ ಅಂಗಡಿ ಇಟ್ಟಿದ್ರು. ಬೇಸಿಗೆಯಲ್ಲಿ ಹಳ್ಳಿ ಜನ ಬರಿಗಾಲಲ್ಲೇ ಓಡಾಡ್ತಿದ್ರು, ಅಂಗಡಿಗೆ ಕೆಲಸ ಇರ್ತಿರಲಿಲ್ಲ, ಆ ಬಿಡುವಿನಲ್ಲಿ ಹುಡುಗರ ಜೊತೆ ಆಡ್ತಾ ಆಡ್ತಾ ಕೈ ಕುದುರಿತು. 1888ರಲ್ಲಿ ವಾಷಿಂಗ್ಟನ್ ಟೀಮಿಗೆ ಬಂದ ಮೊದಲ ವರ್ಷವೇ ಬೇಸ್ ಕದಿಯೋದ್ರಲ್ಲಿ (ಚೆಂಡು ಹೊಡೆಯೋಕೆ ಕಾಯದೇ ಮುಂದಿನ ಬೇಸಿಗೆ ಓಡೋದು) ಇಡೀ ಲೀಗಿಗೆ ಫಸ್ಟ್. 1902ರ ತನಕ ಆಡಿ 2,000ಕ್ಕೂ ಹೆಚ್ಚು ಹಿಟ್ಸ್ (ಚೆಂಡು ಬಾರಿಸಿ ಬೇಸ್ ತಲುಪಿದ್ದು). ಪೇಪರಿನವರು ಅವರನ್ನ ಕರೀತಿದ್ದ ಅಡ್ಡಹೆಸರು ಇಲ್ಲಿ ಬರೆಯೋಕೆ ನನಗೆ ಮನಸ್ಸಿಲ್ಲ. ಆಟ ಬಿಟ್ಟು ನಮ್ಮ ಸಿನ್ಸಿನಾಟಿ ಹತ್ರ ಮೌಂಟ್ ಹೆಲ್ತಿಯಲ್ಲಿ ಹೆಂಡತಿ ಜೊತೆ ಹಸು ಕಟ್ಕೊಂಡು ಡೈರಿ ನಡೆಸಿದ್ರು, ಆ ಹೆಂಡತಿಯೂ ಕಿವಿ ಕೇಳದವರೇ, ಟೀಚರ್ ಆಗಿದ್ದವರು. 1961ರ ವರ್ಲ್ಡ್ ಸೀರೀಸ್ (ಸೀಸನ್ ಕೊನೆಯ ಫೈನಲ್ ಸರಣಿ) ಇಲ್ಲಿ ನಡೆದಾಗ 99ನೇ ವಯಸ್ಸಲ್ಲಿ ಮೊದಲ ಚೆಂಡು ಎಸೆದವರು ಅವರೇ, ಜನ ಎದ್ದು ನಿಂತದ್ದನ್ನ ಕಣ್ಣಲ್ಲಿ ನೋಡಿದ್ರು. ಅದೇ ಡಿಸೆಂಬರಲ್ಲಿ ಹೋದ್ರು.

ಇವರಲ್ಲಿ ಯಾರಾದ್ರೂ ನಮ್ಮ ಕಡೆ ಬಂದಿದ್ರಾ?

ತುಂಬಾ ಹತ್ರದ ತನಕ. 1888-89ರಲ್ಲಿ ಸ್ಪಾಲ್ಡಿಂಗ್ ಎರಡು ಟೀಮು ಕಟ್ಕೊಂಡು ಪ್ರಪಂಚ ಸುತ್ತಿದಾಗ ಆಸ್ಟ್ರೇಲಿಯಾದಿಂದ ಈಜಿಪ್ಟಿಗೆ ಹೋಗೋ ದಾರಿಯಲ್ಲಿ ಕೊಲಂಬೋದಲ್ಲಿ ಇಳಿದು ಆಡಿದ್ರು. ವಾರ್ಡ್, ಆನ್ಸನ್, ಟೆನರ್ ಎಲ್ಲಾ ಇದ್ರು. ಆ ದರ್ಜೆ ಯೋಜನೆಯನ್ನ ಮಾಲೀಕರು ಪಾಸ್ ಮಾಡಿದ್ದು ವಾರ್ಡ್ ಹೀಗೆ ದೇಶ ಬಿಟ್ಟು ದೂರ ಇದ್ದಾಗಲೇ.

ಒಬ್ಬ ಹಳೇ ಆಟಗಾರನ ಬದುಕು ನಾನೇ ಹುಡುಕಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ?

ಸ್ಕೋರ್ ಪಟ್ಟಿಯಿಂದ ಬೇಡ, ಜನಗಣತಿಯಿಂದ ಶುರು ಮಾಡಿ. ಅಮೆರಿಕದ ಹಳೇ ಜನಗಣತಿಯಲ್ಲಿ ಪ್ರತಿಯೊಬ್ಬರ ಕಸುಬು ಬರೆದಿರ್ತಾರೆ, 1870ರಲ್ಲಿ ಟೋಪಿ ಮಾಡೋನು ಅಂತ ಇದ್ದವನು 1880ರಲ್ಲಿ ಬೇಸ್‌ಬಾಲ್ ಆಟಗಾರ, 1900ಕ್ಕೆ ಕಾವಲುಗಾರ, ಹೀಗೆ ಒಂದೊಂದು ಪದದಲ್ಲಿ ಸಿಗುತ್ತೆ. 1890ರದ್ದು ಮಾತ್ರ ಹುಡುಕೋಕೆ ಹೋಗಬೇಡಿ, ಆ ಕಾಗದಗಳು 1921ರ ಬೆಂಕಿಯಲ್ಲಿ ಹೆಚ್ಚುಕಮ್ಮಿ ಪೂರ್ತಿ ಹಾಳಾದ್ವು. ಆ ಹತ್ತು ವರ್ಷಕ್ಕೆ ಊರೂರಿನ ಸಿಟಿ ಡೈರೆಕ್ಟರಿ ನೋಡಿ, ಅದರಲ್ಲೂ ಹೆಸರು, ವಿಳಾಸ, ಕಸುಬು ಇರುತ್ತೆ. ಹೆಸರಿನ ಸ್ಪೆಲಿಂಗ್ ನಂಬಬೇಡಿ. ಆಟಕ್ಕೆ ಒಂದು ಹೆಸರು, ಮನೆಗೆ ಒಂದು ಹೆಸರು ಇರೋದು ಮಾಮೂಲಿ. ಬಡ್ ಫೌಲರ್‌ನ ಹುಡುಕಬೇಕಾದ್ರೆ ಫೌಲರ್ ಅಂತ ಹುಡುಕಿದ್ರೆ ಸಿಗಲ್ಲ, ಮನೆಯಲ್ಲಿ ಅವನ ಹೆಸರು ಜಾನ್ ಜಾಕ್ಸನ್.